ಲೋಗನ್ ಕ್ಯಾನ್ಯನ್‌ನಲ್ಲಿ ಒಬ್ಬಳೇ ಒಂದು ದಿನ: ಓಡಿಸೋದಾ, ನೋಡೋದಾ?

ಹಿಂದಿನಸೀಟುಖಾಲಿ (ಭಾನುವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ನಿನ್ನೆ ಒಬ್ಬಳೇ ಲೋಗನ್ ಕ್ಯಾನ್ಯನ್‌ಗೆ ಹೋಗಿ ಬಂದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಮೆರಿಕದ ಯೂಟಾ ರಾಜ್ಯದ ಉತ್ತರದಲ್ಲಿ, ಲೋಗನ್ ಊರಿನಿಂದ ಬೇರ್ ಲೇಕ್ ದಡದ ಗಾರ್ಡನ್ ಸಿಟಿವರೆಗೆ ಯುಎಸ್ 89 ಹೆದ್ದಾರಿ ಈ ಕಣಿವೆಯೊಳಗೇ ಹೋಗುತ್ತದೆ. ಹೆಚ್ಚುಕಮ್ಮಿ 40 ಮೈಲಿ. ಎಲ್ಲೂ ನಿಲ್ಲಿಸದಿದ್ದರೆ ಒಂದು ಗಂಟೆ ಸಾಕು. ನನಗೆ ಐದೂವರೆ ಗಂಟೆ ಹಿಡಿಯಿತು. ಅದರಲ್ಲಿ ಮುಕ್ಕಾಲು ಗಂಟೆ ಬ್ರೇಕ್ ತಣ್ಣಗಾಗಲಿ ಅಂತ ಕಾದಿದ್ದು. ಆ ಕತೆ ಆಮೇಲೆ.

ಸಾಲ್ಟ್ ಲೇಕ್ ಸಿಟಿಯಿಂದ ಬೆಳಿಗ್ಗೆ ಆರಕ್ಕೆ ಹೊರಟೆ. ಜೊತೆಗೆ ಬರಬೇಕಿದ್ದ ಗೆಳತಿಗೆ ಜ್ವರ. "ಒಬ್ಬಳೇ ಯಾಕೆ ಹೋಗ್ತೀಯಾ, ಮುಂದಿನ ವಾರ ಹೋದರಾಯ್ತು" ಅಂದಳು. ಮುಂದಿನ ವಾರದ ತನಕ ಎಲೆಗಳು ನಮಗೋಸ್ಕರ ಕಾಯುತ್ತವಾ? ಒಂದು ರಾತ್ರಿ ಗಾಳಿ ಜೋರಾಗಿ ಬೀಸಿದರೆ ಮುಗೀತು. ಹೊರಟುಬಿಟ್ಟೆ.

ಲೋಗನ್ ಊರು ಮುಗಿಯುತ್ತಿದ್ದ ಹಾಗೇ ಕಣಿವೆಯ ಬಾಯಿ. ಮೊದಲು ಸಿಗುವುದು ಫಸ್ಟ್ ಡ್ಯಾಮ್, ಆಮೇಲೆ ಸೆಕೆಂಡ್ ಡ್ಯಾಮ್, ಥರ್ಡ್ ಡ್ಯಾಮ್. ಹೆಸರಿಡಲು ಯಾರೂ ತಲೆ ಕೆಡಿಸಿಕೊಂಡ ಹಾಗಿಲ್ಲ. ಎರಡೂ ಕಡೆ ಸುಣ್ಣಕಲ್ಲಿನ ಗೋಡೆ. ರಸ್ತೆಗೆ ಅಂಟಿಕೊಂಡೇ ಲೋಗನ್ ನದಿ. ಬಂಡೆಗಳ ಸಂದುಗೊಂದಿನಲ್ಲೆಲ್ಲ ಬಿಗ್‌ಟೂತ್ ಮೇಪಲ್. ಭಾರೀ ಮರವೇನಲ್ಲ, ದೊಡ್ಡ ಪೊದೆ ಅನ್ನಬಹುದು. ಆದರೆ ಆ ಕೆಂಪು! ಯಾರೋ ಕುಂಕುಮದ ಭರಣಿಯನ್ನು ಮೇಲಿನಿಂದ ಕೈತಪ್ಪಿ ಬೀಳಿಸಿದ ಹಾಗಿತ್ತು.

ಎಡವಟ್ಟಾಗಿದ್ದು ಅಲ್ಲೇ. ಒಂದು ತಿರುವಿನಲ್ಲಿ ಬಲಗಡೆ ಗುಡ್ಡ ಪೂರ್ತಿ ಕೆಂಪಗಿತ್ತು. ನೋಡಿದೆ. ಎರಡು ಸೆಕೆಂಡ್ ಇರಬಹುದು. ಬಲಗಡೆಯ ಚಕ್ರದ ಕೆಳಗೆ ಜಲ್ಲಿ ಕರಕರ ಅಂದಿತು. ಕಣ್ಣು ಹೋದ ಕಡೆಗೇ ಕೈಯೂ ಸ್ಟೇರಿಂಗ್ ತಿರುಗಿಸಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಮುಂದೆ ಸಿಕ್ಕ ಪುಲ್ ಔಟ್‌ನಲ್ಲಿ ನಿಲ್ಲಿಸಿ ನೀರು ಕುಡಿದೆ. ಬಾಟಲಿ ಮುಚ್ಚಳ ತಿರುಗಿಸಲು ಎರಡು ಸಲ ಪ್ರಯತ್ನ ಪಡಬೇಕಾಯ್ತು.

ಆಮೇಲಿಂದ ಒಂದು ಪದ್ಧತಿ ಮಾಡಿಕೊಂಡೆ. ಚೆಂದ ಏನಾದರೂ ಕಂಡರೆ ನೋಡುವುದಿಲ್ಲ, ನಿಲ್ಲಿಸಲು ಜಾಗ ಹುಡುಕುತ್ತೇನೆ. ಜಾಗ ದಾಟಿಹೋದರೆ ಹೋಯ್ತು, ಬಿಟ್ಟೆ. ಹಿಂದೆ ಎರಡು ಮೂರು ಕಾರು ಸೇರಿದರೂ ಪಕ್ಕಕ್ಕೆ ಸರಿದು ಬಿಡುತ್ತೇನೆ. ಹೀಗೆ ಲೆಕ್ಕ ಹಾಕಿದರೆ ಹದಿನಾಲ್ಕು ಸಲ ನಿಲ್ಲಿಸಿದ್ದೇನೆ.

ಮೇಲೆ ಹೋದ ಹಾಗೆ ಮೇಪಲ್ ಮುಗಿದು ಆಸ್ಪೆನ್ ಶುರು. ಕೆಂಪು ಹೋಗಿ ಹಳದಿ. ಲೋಗನ್ ಊರು ಸುಮಾರು 4,500 ಅಡಿಯಲ್ಲಿದೆ, ಘಾಟಿಯ ತುದಿ ಸುಮಾರು 7,800 ಅಡಿ. ಕೆಳಗೆ ಬಿಸಿಲಿಗೆ ಕಿಟಕಿ ಇಳಿಸಿದ್ದವಳು ಮೇಲೆ ಜಾಕೆಟ್ ಹಾಕಿಕೊಂಡೆ. ತುದಿ ದಾಟಿ ಒಂದು ತಿರುವು ತಿರುಗಿದರೆ ಕೆಳಗೆ ಬೇರ್ ಲೇಕ್. ಆ ಬಣ್ಣ ಸುಳ್ಳು ಅನ್ನಿಸುತ್ತದೆ. ಯಾರೋ ನೀಲಿಗೆ ಹಾಲು ಬೆರೆಸಿ ಸುರಿದ ಹಾಗೆ.

ಅಲ್ಲಿಂದ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬಂತು. ಮೊದಲು ಮುಂದಿನ ಲಾರಿಯದ್ದು ಅಂದುಕೊಂಡೆ. ಲಾರಿ ಹೋದ ಮೇಲೂ ವಾಸನೆ ಹೋಗಲಿಲ್ಲ. ಪೆಡಲ್ ಸ್ವಲ್ಪ ಮೆತ್ತಗಾದ ಹಾಗೆ ಅನ್ನಿಸಿ ನಿಲ್ಲಿಸಿದೆ. ಒಂಬತ್ತು ವರ್ಷದ ಆಟೋಮ್ಯಾಟಿಕ್ ಕಾರು. ಎರಡು ತಿಂಗಳ ಹಿಂದೆ ಗ್ಯಾರೇಜಿನಲ್ಲಿ "ಬ್ರೇಕ್ ಎಲ್ಲಾ ಓಕೆ" ಅಂದಿದ್ದರು.

ಎರಡು ಪ್ರಶ್ನೆ. ಒಂದು, ಬ್ರೇಕ್ ವಿಷಯದಲ್ಲಿ ತಪ್ಪು ನನ್ನದಾ, ಕಾರಿನದ್ದಾ? ಎರಡು, ಒಬ್ಬರೇ ಓಡಿಸುವಾಗ ಇಂಥ ರಸ್ತೆಯನ್ನು ನಿಜಕ್ಕೂ ನೋಡೋದು ಹೇಗೆ? ಮುಂದಿನ ಶನಿವಾರ ಇನ್ನೊಮ್ಮೆ ಹೋಗುವ ಆಸೆ ಇದೆ.

ಗೇರುಗುರು (ಭಾನುವಾರ, ರಾತ್ರಿ 9:52)

ಮೇಡಂ, ಇಡೀ ಇಳಿಜಾರು ಡಿ ಯಲ್ಲೇ, ಅಂದರೆ ಮಾಮೂಲಿ ಡ್ರೈವ್ ಗೇರಿನಲ್ಲೇ, ಇಳಿದ್ರಾ? ಹೌದು ಅಂದರೆ ತಪ್ಪು ಕಾರಿನದ್ದಲ್ಲ.

ಸುಮ್ನೆ ಒಂದು ಲೆಕ್ಕ ನೋಡಿ. ಘಾಟಿ ತುದಿಯಿಂದ ಕೆರೆ ಮಟ್ಟಕ್ಕೆ ಸುಮಾರು 1,900 ಅಡಿ ಇಳಿಯುತ್ತೀರಿ, ಅದೂ ಕೆಲವೇ ಮೈಲಿಯಲ್ಲಿ. ಒಂದೂವರೆ ಟನ್ ಕಾರು ಅಷ್ಟು ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿಯಲ್ಲಿ 25 ಲೀಟರ್ ತಣ್ಣೀರನ್ನು ಕುದಿ ಬರಿಸಬಹುದು. ಗಾಳಿ ಒಂದಿಷ್ಟು ತಿನ್ನುತ್ತದೆ, ಎಂಜಿನ್ ಒಂದಿಷ್ಟು ತಿನ್ನುತ್ತದೆ. ಉಳಿದಿದ್ದೆಲ್ಲ ಅಂಗೈ ಅಗಲದ ಪ್ಯಾಡುಗಳ ಮೇಲೆ. ವಾಸನೆ ಬರದೆ ಇನ್ನೇನು?

ಇಳಿಜಾರು ಶುರುವಾಗುವ ಮೊದಲೇ ಗೇರ್ ಕೆಳಗಿಳಿಸಿ. ಎಲ್ (ಲೋ ಗೇರ್) ಇರಲಿ, 2 ಇರಲಿ, ಸ್ಟೇರಿಂಗ್ ಹಿಂದಿನ ಗೇರ್ ಪ್ಯಾಡಲ್ ಇರಲಿ. ಎಂಜಿನ್ ಗುರ್ ಅನ್ನುತ್ತದೆ, ಹೆದರಬೇಡಿ, ಅದು ಅದರ ಕೆಲಸ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ವೇಗ ಜಾಸ್ತಿ ಆಯ್ತು ಅನ್ನಿಸಿದಾಗ ಗಟ್ಟಿಯಾಗಿ ಒತ್ತಿ, ಇಳಿಸಿ, ಪೂರ್ತಿ ಬಿಡಿ. ಮಧ್ಯೆ ಪ್ಯಾಡಿಗೆ ಗಾಳಿ ಆಡಬೇಕು.

ಪೆಡಲ್ ಮೆತ್ತಗಾಯ್ತು ಅಂದಿರಲ್ಲ, ಅದೇ ನನಗೆ ಇಷ್ಟ ಆಗಲಿಲ್ಲ. ಬ್ರೇಕ್ ಆಯಿಲ್ ವರ್ಷ ಕಳೆದ ಹಾಗೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಕುದ್ದರೆ ಗುಳ್ಳೆ, ಗುಳ್ಳೆ ಬಂದರೆ ಪೆಡಲ್ ಸ್ಪಂಜು. ಗ್ಯಾರೇಜಿನವರು ಪ್ಯಾಡಿನ ದಪ್ಪ ನೋಡಿ ಓಕೆ ಅಂದಿರುತ್ತಾರೆ. ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿ. ಶನಿವಾರಕ್ಕೆ ಮುಂಚೆ.

ಹಿಂದಿನಸೀಟುಖಾಲಿ (ಭಾನುವಾರ, ರಾತ್ರಿ 10:05)

ಡಿ ಯಲ್ಲೇ ಇಳಿದೆ. ಎಲ್ ಅನ್ನೋದು ಹಿಮ ಬಿದ್ದಾಗ ಮಾತ್ರ ಅಂದುಕೊಂಡಿದ್ದೆ. ಆಯಿಲ್ ಬದಲಾಯಿಸಿದ್ದು ನನ್ನ ನೆನಪಿನಲ್ಲಂತೂ ಇಲ್ಲ.

ಗೇರುಗುರು (ಭಾನುವಾರ, ರಾತ್ರಿ 10:08)

ಒಂಬತ್ತು ವರ್ಷದ ಆಯಿಲಾ! ದೇವರು ದೊಡ್ಡವನು. ನಾಳೆಯೇ ಮಾಡಿಸಿ.

ಮಾತಿಗೊಂದುಮಾತು (ಸೋಮವಾರ, ಬೆಳಿಗ್ಗೆ 7:30)

ಯಾರೂ ಹೇಳದ ಮಾತನ್ನು ನಾನು ಹೇಳುತ್ತೇನೆ, ಬೈಯಬೇಡಿ. ಓಡಿಸುವವರಿಗೆ ಕಣಿವೆ ಕಾಣಲ್ಲ. ಕಾಣಬಾರದು ಕೂಡ. ಹದಿನಾಲ್ಕು ಸಲ ನಿಲ್ಲಿಸಿದರೆ ಹದಿನಾಲ್ಕು ಫೋಟೋ ನೋಡಿದ ಹಾಗೆ, ರಸ್ತೆ ನೋಡಿದ ಹಾಗಲ್ಲ. ತಿರುವು ತಿರುಗುವಾಗ ಗುಡ್ಡ ಪಕ್ಕಕ್ಕೆ ಸರಿದು ಇನ್ನೊಂದು ಗುಡ್ಡ ಬರುತ್ತಲ್ಲ, ಮಜಾ ಇರೋದು ಅಲ್ಲಿ. ಅದು ಪಕ್ಕದ ಸೀಟಿನಲ್ಲಿ ಕೂತವರ ಪಾಲು. ಗೆಳತಿಗೆ ಜ್ವರ ಬಿಡಲಿ, ಅವರ ಕೈಗೆ ಸ್ಟೇರಿಂಗ್ ಕೊಡಿ.

ಹೆಗಲಮೇಲೆಕ್ಯಾಮೆರಾ (ಸೋಮವಾರ, ಬೆಳಿಗ್ಗೆ 8:15)

ಒಪ್ಪಲ್ಲ. ನಾನು ಆ ಕಣಿವೆಗೆ ಮನೆಯವರ ಜೊತೆಯೂ ಹೋಗಿದ್ದೇನೆ, ಒಬ್ಬನೇ ಹೋಗಿದ್ದೇನೆ. ಜೊತೆಗಿದ್ದಾಗ ಮೂರನೇ ಸಲ ನಿಲ್ಲಿಸುವಷ್ಟರಲ್ಲಿ "ಮತ್ತೆ ಯಾಕೆ?" ಶುರು. ಒಂದೇ ಮರದ ಕೆಳಗೆ ಇಪ್ಪತ್ತು ನಿಮಿಷ ಕೂರಲು ಯಾರು ಬಿಡುತ್ತಾರೆ? ಮೋಡ ಸರಿದು ಬಿಸಿಲು ಬೀಳುವ ತನಕ ಕಾದರೆ ಅದೇ ಗುಡ್ಡ ಬೇರೆಯೇ ಗುಡ್ಡ.

ಅಕ್ಕಾ, ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಮುಂದಿನ ಸಲ ಉಲ್ಟಾ ಹೋಗಿ. ಲೋಗನ್ ಕಡೆಯಿಂದ ಬೆಳಿಗ್ಗೆ ಹೊರಟರೆ ಪೂರ್ವಕ್ಕೆ ಹೋಗುತ್ತೀರಿ, ಸೂರ್ಯ ಮುಖದ ಮೇಲೆ. ಸಂಜೆ ಅದೇ ದಾರಿಯಲ್ಲಿ ವಾಪಸ್ ಬಂದರೆ ಆಗಲೂ ಮುಖದ ಮೇಲೆ. ಎರಡೂ ಸಲ ಕಣ್ಣು ಕಿರಿದು ಮಾಡಿಕೊಂಡು ಓಡಿಸಬೇಕು. ಅದರ ಬದಲು ಸಾಲ್ಟ್ ಲೇಕ್‌ನಿಂದ ಐ-80 ಹಿಡಿದು ವಯೋಮಿಂಗ್‌ನ ಇವಾನ್‌ಸ್ಟನ್, ಅಲ್ಲಿಂದ ಉತ್ತರಕ್ಕೆ ವುಡ್ರಫ್, ರ‍್ಯಾಂಡಾಲ್ಫ್, ಲೇಕ್‌ಟೌನ್ ಮೇಲೆ ಗಾರ್ಡನ್ ಸಿಟಿಗೆ ಬನ್ನಿ. ದಾರಿ ಉದ್ದ, ಆ ಭಾಗ ಬರೀ ಬಯಲು. ಆದರೆ ಬೆಳಿಗ್ಗೆ ಕಣಿವೆ ಹತ್ತುವಾಗ ಬೆಳಕು ನಿಮ್ಮ ಬೆನ್ನಿಗಿರುತ್ತದೆ, ಎದುರಿನ ಆಸ್ಪೆನ್ ಎಲ್ಲ ಹೊಳೆಯುತ್ತಿರುತ್ತವೆ.

ಇನ್ನೂ ಒಂದು ಲಾಭ. ಕಡಿದಾದ ಕಡೆ ಹತ್ತುತ್ತೀರಿ, ಲೋಗನ್ ಕಡೆ ಮೂವತ್ತು ಮೈಲಿ ನಿಧಾನಕ್ಕೆ ಇಳಿಯುತ್ತೀರಿ. ಬ್ರೇಕಿಗೂ ಆರಾಮ.

ಗೇರುಗುರು (ಸೋಮವಾರ, ಬೆಳಿಗ್ಗೆ 8:40)

ಇದು ಬುದ್ಧಿವಂತಿಕೆ. ಆದರೂ ಆಯಿಲ್ ಬದಲಾಯಿಸಿ.

ಲೋಗನ್‌ಹಳಬ (ಸೋಮವಾರ, ಮಧ್ಯಾಹ್ನ 1:20)

ಅಯ್ಯೋ, ಉಲ್ಟಾ ಕಳಿಸಬೇಡ್ರಪ್ಪ! ಘಾಟಿ ತುದಿಯಲ್ಲಿ ಕೆರೆ ಇದ್ದಕ್ಕಿದ್ದ ಹಾಗೆ ಕಾಣಿಸುತ್ತಲ್ಲ, ಅದಕ್ಕೋಸ್ಕರವೇ ಆ ರಸ್ತೆ. ಉಲ್ಟಾ ಬಂದರೆ ಕೆರೆ ಬೆನ್ನ ಹಿಂದೆ ಹೋಗುತ್ತದೆ. ಸಿನಿಮಾದ ಕೊನೆಯ ರೀಲನ್ನು ಮೊದಲು ಹಾಕಿದ ಹಾಗೆ.

ನಾನು ಯೂಟಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುವಾಗ ಐದು ಶರತ್ಕಾಲ ನೋಡಿದ್ದೇನೆ. ಥೀಸಿಸ್ ಮುಂದೆ ಹೋಗದಿದ್ದಾಗೆಲ್ಲ ಕಣಿವೆಗೆ ಹೋಗುತ್ತಿದ್ದೆ. ಬಹಳ ಸಲ ಹೋಗಿದ್ದೇನೆ ಅಂತ ಅರ್ಥ ಮಾಡಿಕೊಳ್ಳಿ.

ಮೇಡಂ, ರಿಕ್ಸ್ ಸ್ಪ್ರಿಂಗ್‌ನಲ್ಲಿ ನಿಲ್ಲಿಸಿದ್ರಾ? ರಸ್ತೆ ಪಕ್ಕದಲ್ಲೇ ಬಂಡೆಯ ಬಾಯಿಂದ ನೀರು ಬರುತ್ತದೆ. ಹಳಬರು ಅದನ್ನು ಶುದ್ಧ ಬುಗ್ಗೆ ಅಂತ ನಂಬಿ ಕುಡಿಯುತ್ತಿದ್ದರು. ಆಮೇಲೆ ನದಿಗೆ ಬಣ್ಣ ಹಾಕಿ ನೋಡಿದರೆ ಆ ಬಣ್ಣ ಬುಗ್ಗೆಯಲ್ಲಿ ಬಂತು! ಲೋಗನ್ ನದಿಯ ನೀರೇ ಸುಣ್ಣಕಲ್ಲಿನ ಬಿರುಕಿನೊಳಗೆ ಇಳಿದು ಇಲ್ಲಿ ಹೊರಗೆ ಬರುತ್ತದೆ. ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಇರುತ್ತದೆ. ನೋಡಿ, ಕೈ ತೊಳೆಯಿರಿ, ಕುಡಿಯಬೇಡಿ.

ಇನ್ನೊಂದು ಟೋನಿ ಗ್ರೋವ್. ಹೆದ್ದಾರಿಯಿಂದ ಏಳು ಮೈಲಿ ಪಕ್ಕಕ್ಕೆ, 8,000 ಅಡಿಗಿಂತ ಮೇಲೆ, ಹಿಮನದಿ ಕೊರೆದ ಪುಟ್ಟ ಕೆರೆ. ಅಲ್ಲಿಂದಲೇ ನವೋಮಿ ಪೀಕ್‌ಗೆ ಕಾಲುದಾರಿ, 9,979 ಅಡಿ. ಒಬ್ಬರೇ ಇದ್ದರೆ ಶಿಖರದ ಆಸೆ ಬಿಡಿ, ಕೆರೆ ಸುತ್ತಿದರೆ ಸಾಕು. ಬೆಳಿಗ್ಗೆ ಬೇಗ ಹೋದರೆ ಮೂಸ್, ಅಂದರೆ ಜಿಂಕೆ ಜಾತಿಯ ದೈತ್ಯ, ಕಾಣಬಹುದು. ಕಂಡರೆ ಕಾರೊಳಗೇ ಇರಿ. ಸಾಧು ಪ್ರಾಣಿ ಹಾಗೆ ಕಾಣುತ್ತದೆ, ಅಲ್ಲ.

ವುಡ್ ಕ್ಯಾಂಪ್ ಹತ್ತಿರದಿಂದ ಜಾರ್ಡೈನ್ ಜುನಿಪರ್‌ಗೆ ದಾರಿ ಇದೆ. ಸುಮಾರು 1,500 ವರ್ಷದ ಮರ ಅನ್ನುತ್ತಾರೆ. ಅರ್ಧ ಸತ್ತಿದೆ, ಅರ್ಧ ಹಸಿರಾಗಿದೆ. ಒಂದು ದಿಕ್ಕಿಗೆ ಐದು ಮೈಲಿ ನಡೆಯಬೇಕು, ಡ್ರೈವ್ ದಿನ ಆಗದ ಮಾತು.

ಎಲೆಪುರಾಣ (ಸೋಮವಾರ, ಸಂಜೆ 6:45)

ಎಲ್ಲರೂ ರಸ್ತೆ, ಬ್ರೇಕು, ಕೆರೆ ಅಂತಿದ್ದೀರಿ. ಎಲೆ ಬಗ್ಗೆ ಯಾರೂ ಮಾತಾಡಲ್ವಾ?

ಅವರು ಬರೆದರಲ್ಲ, ಕೆಳಗೆ ಕೆಂಪು, ಮೇಲೆ ಹಳದಿ ಅಂತ. ಎರಡೂ ಬೇರೆ ಬೇರೆ ಕತೆ. ಆಸ್ಪೆನ್ ಎಲೆಯ ಹಳದಿ ಹೊಸದಾಗಿ ಬರುವುದಲ್ಲ. ಕ್ಯಾರೊಟಿನಾಯ್ಡ್ ಅನ್ನುವ ಆ ಹಳದಿ ಬಣ್ಣ ಬೇಸಿಗೆಯಿಡೀ ಎಲೆಯೊಳಗೇ ಇರುತ್ತದೆ. ಹಗಲು ಚಿಕ್ಕದಾದಾಗ ಮರ ಹಸಿರನ್ನು, ಅಂದರೆ ಕ್ಲೋರೋಫಿಲ್ ಅನ್ನು, ಒಡೆದು ಸಾರ ವಾಪಸ್ ಎಳೆದುಕೊಳ್ಳುತ್ತದೆ. ಮೇಲಿನ ಬಣ್ಣ ಹೋದ ಮೇಲೆ ಕೆಳಗಿನ ಬಣ್ಣ ಕಾಣುತ್ತದೆ. ಮೇಪಲ್‌ನ ಕೆಂಪು ಹಾಗಲ್ಲ. ಅದು ಆಂಥೋಸಯನಿನ್, ಆಗಷ್ಟೇ ತಯಾರಾಗುವಂಥದ್ದು, ಎಲೆಯಲ್ಲಿ ಉಳಿದ ಸಕ್ಕರೆಯಿಂದ. ಹಗಲು ಒಳ್ಳೇ ಬಿಸಿಲು, ರಾತ್ರಿ ಹಿಮ ಬೀಳದಷ್ಟು ಚಳಿ ಇದ್ದರೆ ಕೆಂಪು ಜೋರು. ಮೋಡ ಕವಿದ ವಾರ ಬಂದರೆ ಸಪ್ಪೆ. ಹಳದಿ ಹೆಚ್ಚುಕಮ್ಮಿ ಪ್ರತಿ ವರ್ಷ ಒಂದೇ ಥರ ಇರುವುದಕ್ಕೂ, ಕೆಂಪು ಒಂದೊಂದು ವರ್ಷ ಒಂದೊಂದು ಥರ ಇರುವುದಕ್ಕೂ ಇದೇ ಕಾರಣ.

ಮುಂದಿನ ಸಲ ಆಸ್ಪೆನ್ ಗುಡ್ಡ ಕಂಡಾಗ ದೂರದಿಂದ ನೋಡಿ. ಒಂದು ಗುಂಪು ಪೂರ್ತಿ ಹಳದಿ, ಪಕ್ಕದ ಗುಂಪು ಇನ್ನೂ ಹಸಿರು, ಅದರಾಚೆಗಿನದ್ದು ಬೋಳು. ಮಧ್ಯೆ ಗೆರೆ ಎಳೆದ ಹಾಗೆ. ಯಾಕೆ ಗೊತ್ತಾ? ಒಂದು ಗುಂಪು ಅಂದರೆ ಬಹಳ ಸಲ ಒಂದೇ ಮರ. ಒಂದೇ ಬೇರಿನಿಂದ ನೂರಾರು ಕಾಂಡ ಎದ್ದಿರುತ್ತವೆ, ಹಾಗಾಗಿ ಒಟ್ಟಿಗೆ ಬಣ್ಣ ಬದಲಾಯಿಸುತ್ತವೆ. ಇದೇ ಯೂಟಾದ ಫಿಶ್ ಲೇಕ್ ಹತ್ತಿರ ಪ್ಯಾಂಡೋ ಅಂತ ಒಂದಿದೆ. 106 ಎಕರೆ, ಸುಮಾರು 47,000 ಕಾಂಡ, ಎಲ್ಲ ಸೇರಿ ಒಂದೇ ಜೀವ. ಬೇಸಿಗೆಯಲ್ಲಿ ಹೋದರೆ ಈ ಗಡಿಗಳು ಕಾಣಲ್ಲ. ವರ್ಷದಲ್ಲಿ ಎರಡು ಮೂರು ವಾರ ಮಾತ್ರ ಯಾವ ಮರ ಎಲ್ಲಿ ಮುಗಿಯುತ್ತದೆ ಅಂತ ಬರಿಗಣ್ಣಿಗೆ ಗೊತ್ತಾಗುತ್ತದೆ.

ಬಿದ್ದ ಎಲೆ ಒಂದನ್ನು ಎತ್ತಿಕೊಂಡು ತೊಟ್ಟನ್ನು ಎರಡು ಬೆರಳ ಮಧ್ಯೆ ಉರುಳಿಸಿ ನೋಡಿ. ಉರುಳಲ್ಲ. ಪಟ್ಟಿಯ ಹಾಗೆ ಚಪ್ಪಟೆ ಇರುತ್ತದೆ. ಗಾಳಿ ಇಲ್ಲ ಅನ್ನಿಸಿದಾಗಲೂ ಆಸ್ಪೆನ್ ಗಲಗಲ ಅನ್ನುವುದು ಅದಕ್ಕೇ.

ಕೆರೆಯ ಬಣ್ಣದ ಬಗ್ಗೆಯೂ ಒಂದು ಮಾತು. ನೀರಿನಲ್ಲಿ ತೇಲುವ ಸುಣ್ಣದ ಕಣಗಳು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಬೆಳಕನ್ನು ಚದುರಿಸುವುದರಿಂದ ಆ ನೀಲಿ. "ನೀಲಿಗೆ ಹಾಲು" ಅಂದಿದ್ದು ಸರಿಯಾಗೇ ಇದೆ, ಹಾಲಿನ ಬದಲು ಸುಣ್ಣ ಅಷ್ಟೇ.

ಮಾತಿಗೊಂದುಮಾತು (ಸೋಮವಾರ, ರಾತ್ರಿ 8:02)

ಒಂದೇ ಮರದ ಗಡಿ ಕಾಣೋದು ಗೊತ್ತಿರಲಿಲ್ಲ. ಸರಿ, ಇದನ್ನು ಚಲಿಸುವ ಕಾರಿನಿಂದ ನೋಡಕ್ಕಾಗಲ್ಲ. ನಿಲ್ಲಿಸಬೇಕು. ಅರ್ಧ ಮಾತು ವಾಪಸ್ ತಗೊಂಡೆ, ಇನ್ನರ್ಧ ಇಟ್ಟುಕೊಂಡಿದ್ದೇನೆ.

ಅಮ್ಮನಕಾರು (ಮಂಗಳವಾರ, ಬೆಳಿಗ್ಗೆ 6:20)

ನಾನೂ ಒಬ್ಬಳೇ ಓಡಾಡುವವಳು, ಅದಕ್ಕೇ ಕೇಳುತ್ತೇನೆ. ಆ ಮುಕ್ಕಾಲು ಗಂಟೆ ನಿಂತಿದ್ದಾಗ ಫೋನ್ ಸಿಗ್ನಲ್ ಇತ್ತಾ? ಎಲ್ಲಿದ್ದೀರಿ ಅಂತ ಯಾರಿಗಾದರೂ ಗೊತ್ತಿತ್ತಾ?

ಹಿಂದಿನಸೀಟುಖಾಲಿ (ಮಂಗಳವಾರ, ಬೆಳಿಗ್ಗೆ 7:05)

ಅಲ್ಲಿ ಕೆರೆ ಕಡೆಯಿಂದ ಒಂದು ಗೆರೆ ಬರುತ್ತಿತ್ತು. ಕಣಿವೆಯೊಳಗೆ ಬಹುಪಾಲು ಸೊನ್ನೆ. ಹೊರಡುವಾಗ ಗೆಳತಿಗೆ ಹೇಳಿದ್ದೆ, ಅಷ್ಟೇ. ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿರಲಿಲ್ಲ.

ಅಮ್ಮನಕಾರು (ಮಂಗಳವಾರ, ಬೆಳಿಗ್ಗೆ 7:31)

ಅದನ್ನೇ ಹೇಳಬೇಕಾಗಿದ್ದು ಕಣ್ರೀ. "ಇಷ್ಟು ಗಂಟೆಗೆ ಕಣಿವೆಯಿಂದ ಹೊರಗೆ ಬಂದು ಫೋನ್ ಮಾಡ್ತೀನಿ, ಮಾಡದಿದ್ದರೆ ಇಂಥ ರಸ್ತೆ ಅಂತ ಹೇಳು." ನಾನು ಹಾಗೆ ಬರೆದೇ ಕಳಿಸುತ್ತೇನೆ. ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಟ್ಯಾಂಕ್ ಲೋಗನ್‌ನಲ್ಲೋ ಗಾರ್ಡನ್ ಸಿಟಿಯಲ್ಲೋ ತುಂಬಿಸಿ, ಮಧ್ಯೆ ಪಂಪ್ ಇಲ್ಲ. ಹಿಂದಿನ ಸೀಟು ಖಾಲಿ ಅಂತ ಹೆಸರಿಟ್ಟುಕೊಂಡಿದ್ದೀರಿ, ಅದರ ಮೇಲೆ ಒಂದು ಕಂಬಳಿ ಇರಲಿ. ಸೆಪ್ಟೆಂಬರ್ ಕೊನೆಗೇ ಮೇಲೆ ಹಿಮ ಬಿದ್ದಿದ್ದು ನಾನು ನೋಡಿದ್ದೇನೆ.

ಕತ್ತಲಾಗುವ ಮೊದಲು ಕಣಿವೆ ಬಿಡಿ. ಮುಸ್ಸಂಜೆಗೆ ಜಿಂಕೆಗಳು ನೀರಿಗೆ ಇಳಿಯುತ್ತವೆ. ಒಂದು ದಾಟಿತು ಅಂತ ಮುಂದೆ ಹೋಗಬೇಡಿ, ಅದರ ಹಿಂದೆ ಇನ್ನೊಂದು ಇರುತ್ತದೆ.

ಲೋಗನ್‌ಹಳಬ (ಮಂಗಳವಾರ, ಮಧ್ಯಾಹ್ನ 12:50)

ಅಕ್ಟೋಬರ್ ಅಂದರೆ ಬೇಟೆ ಕಾಲ ಕೂಡ. ಕಾರು ಬಿಟ್ಟು ಕಾಡಿನೊಳಗೆ ಹೋಗುವುದಾದರೆ ಕಿತ್ತಳೆ ಬಣ್ಣದ ಏನಾದರೂ ಹಾಕಿಕೊಳ್ಳಿ. ಕಂದು ಜಾಕೆಟ್ ಬೇಡ.

ಕರಡಿ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಓಲ್ಡ್ ಎಫ್ರೇಮ್ ಅಂತ ಒಂದು ದೈತ್ಯ ಗ್ರಿಜ್ಲಿ ಈ ಕಾಡಿನಲ್ಲಿತ್ತು. 1923ರಲ್ಲಿ ಫ್ರಾಂಕ್ ಕ್ಲಾರ್ಕ್ ಅನ್ನುವ ಕುರಿಗಾಹಿ ಅದನ್ನು ಕೊಂದ. ಅದರ ತಲೆಬುರುಡೆ ನಮ್ಮ ಯೂನಿವರ್ಸಿಟಿಯಲ್ಲೇ ಇದೆ. ಈಗ ಯೂಟಾದಲ್ಲಿ ಗ್ರಿಜ್ಲಿ ಇಲ್ಲ. ಕಪ್ಪು ಕರಡಿ ಇದೆ, ಆದರೆ ಅದಕ್ಕಿಂತ ನಿಮ್ಮ ಬ್ರೇಕ್ ಆಯಿಲ್ ಅಪಾಯ.

ಹೆಗಲಮೇಲೆಕ್ಯಾಮೆರಾ (ಮಂಗಳವಾರ, ಮಧ್ಯಾಹ್ನ 1:15)

ಹಳಬರೇ, ಕೆರೆ ಬೆನ್ನ ಹಿಂದೆ ಹೋಗುತ್ತೆ ಅಂದ್ರಲ್ಲ. ಮೇಲೆ ಓವರ್‌ಲುಕ್ ಇದೆ, ನಿಲ್ಲಿಸಿ ತಿರುಗಿ ನೋಡಿದರಾಯ್ತು. ಕೆರೆ ಎಲ್ಲಿಗೂ ಹೋಗಲ್ಲ, 20 ಮೈಲಿ ಉದ್ದ ಇದೆ.

ಲೋಗನ್‌ಹಳಬ (ಮಂಗಳವಾರ, ಮಧ್ಯಾಹ್ನ 1:22)

ತಿರುಗಿ ನೋಡೋದೂ ಎದುರಿಗೆ ಬರೋದೂ ಒಂದೇನಾ ಮಾರಾಯ?

ಹಿಂದಿನಸೀಟುಖಾಲಿ (ಭಾನುವಾರ, ಬೆಳಿಗ್ಗೆ 10:40)

ಹೋಗಿ ಬಂದೆ. ಉಲ್ಟಾನೇ ಹೋದೆ, ಹಳಬರು ಕ್ಷಮಿಸಬೇಕು.

ಬ್ರೇಕ್ ಆಯಿಲ್ ಬುಧವಾರ ಬದಲಾಯಿಸಿದರು. ತೆಗೆದಿದ್ದನ್ನು ತೋರಿಸಿ ಅಂದೆ. ಜೇನಿನ ಬಣ್ಣ ಇರಬೇಕಾಗಿದ್ದು ಕಪ್ಪು ಕಾಫಿ ಆಗಿತ್ತು. ಗೇರುಗುರುಗಳಿಗೆ ದೊಡ್ಡ ನಮಸ್ಕಾರ.

ಇವಾನ್‌ಸ್ಟನ್ ದಾರಿ ನಿಜಕ್ಕೂ ಬೋರು. ಒಂದು ಗಂಟೆಗೂ ಮೇಲೆ ಬರೀ ಒಣಹುಲ್ಲು, ಬೇಲಿ, ದನ. ಗಾರ್ಡನ್ ಸಿಟಿಯಲ್ಲಿ ರಾಸ್ಪ್‌ಬೆರಿ ಶೇಕ್ ಕುಡಿಯೋಣ ಅಂದರೆ ಮೊದಲ ಎರಡು ಅಂಗಡಿ ಸೀಸನ್ ಮುಗೀತು ಅಂತ ಮುಚ್ಚಿದ್ದವು, ಮೂರನೆಯದು ತೆರೆದಿತ್ತು. ಆ ಚಳಿಯಲ್ಲಿ ಐಸ್‌ಕ್ರೀಂ ಶೇಕ್ ಕುಡಿದಿದ್ದು ಬುದ್ಧಿವಂತಿಕೆಯೇನಲ್ಲ. ಪೂರ್ತಿ ಕುಡಿದೆ.

ಹತ್ತುವಾಗ ಬೆಳಕು ಬೆನ್ನಿಗಿತ್ತು. ಎದುರಿನ ರಸ್ತೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ, ಹೋದ ಸಲ ಅರ್ಧ ಸುಸ್ತು ಬಿಸಿಲಿಗೇ ಆಗಿತ್ತು ಅಂತ ಆಗ ಗೊತ್ತಾಯ್ತು. ಓವರ್‌ಲುಕ್‌ನಲ್ಲಿ ಇಳಿದು ತಿರುಗಿ ನೋಡಿದೆ. ಕೆರೆ ಇತ್ತು, ನೀಲಿಯೂ ಇತ್ತು, ಆದರೆ ಹಳಬರ ಮಾತು ಸರಿ. ಹೋದ ವಾರ ಬಾಯಿಂದ ತಾನಾಗೇ "ಅಯ್ಯಪ್ಪಾ" ಅಂತ ಬಂದಿತ್ತು. ಈ ಸಲ ಬರಲಿಲ್ಲ.

ಈ ಸಲ ಆರೇ ಸಲ ನಿಲ್ಲಿಸಿದೆ. ಟೋನಿ ಗ್ರೋವ್ ತಿರುವಿಗೆ ಬರುವ ಮೊದಲು ಒಂದು ಕಡೆ ಪೂರ್ತಿ ಒಂದು ಗಂಟೆ ಕೂತೆ. ಎದುರು ಗುಡ್ಡದಲ್ಲಿ ಎಲೆಪುರಾಣದವರು ಹೇಳಿದ ಗೆರೆ ಕಾಣುತ್ತಿತ್ತು. ಎಡಗಡೆಯ ಗುಂಪು ಬೋಳಾಗಿ ಬೂದಿ ಬಣ್ಣ. ಮಧ್ಯದ್ದು ಅರಿಶಿನ. ಬಲಗಡೆ ತುದಿಯಲ್ಲಿ ಒಂದು ಚಿಕ್ಕ ಗುಂಪು ಮಾತ್ರ ಇನ್ನೂ ಹಸಿರು, ಹಠ ಮಾಡಿಕೊಂಡು ನಿಂತ ಹಾಗೆ. ಮೂರೇ ಮರ ಅಂತ ಎಣಿಸಿದೆ. ಪಕ್ಕದಲ್ಲಿ ನಿಂತವರೊಬ್ಬರಿಗೆ ತೋರಿಸಿ ಹೇಳಿದರೆ ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. ಆಮೇಲೆ ಅವರೂ ಎಣಿಸಿದರು. ನಾಲ್ಕು ಅಂದರು.

ತೊಟ್ಟನ್ನೂ ಉರುಳಿಸಿ ನೋಡಿದೆ. ಉರುಳಲಿಲ್ಲ.

ಕೆಳಗಿನ ಮೇಪಲ್ ಮಾತ್ರ ಮುಗಿದಿದೆ. ಒಂದೇ ವಾರಕ್ಕೆ! ನೆಲದ ಮೇಲೆ ಕಂದು ರಾಶಿ. ಗೆಳತಿಯ ಮಾತು ಕೇಳಿ ಹೋದ ವಾರ ನಿಂತಿದ್ದರೆ ಆ ಕೆಂಪು ಕಾಣುತ್ತಲೇ ಇರಲಿಲ್ಲ. ಅವಳಿಗೆ ಇದನ್ನು ಇನ್ನೂ ಹೇಳಿಲ್ಲ. ನಾಲ್ಕು ಗಂಟೆಗೆ ಲೋಗನ್ ತಲುಪಿ ಫೋನ್ ಮಾಡುತ್ತೇನೆ ಅಂದಿದ್ದೆ, ನಾಲ್ಕೂಕಾಲಾಯ್ತು. ಅಷ್ಟರಲ್ಲಿ ಅವಳ ಮೂರು ಮಿಸ್ಡ್ ಕಾಲ್.

ಮಾತಿಗೊಂದುಮಾತು (ಭಾನುವಾರ, ಬೆಳಿಗ್ಗೆ 11:15)

ಮೂರಾ, ನಾಲ್ಕಾ? ಫೋಟೋ ಹಾಕಿ, ನಾವೂ ಎಣಿಸುತ್ತೇವೆ.

ಹಿಂದಿನಸೀಟುಖಾಲಿ (ಭಾನುವಾರ, ಬೆಳಿಗ್ಗೆ 11:19)

ಒಂದು ಗಂಟೆ ಕೂತಿದ್ದೆ ಅಂದೆನಲ್ಲ. ಫೋಟೋ ತೆಗೆಯೋದೇ ಮರೆತೆ.